ಮಿಸ್ಸಿಗೆ ಬಡಿಸಿದ ಮುದ್ದೆ

“ತಾತಾ! ಸೊರ್ ಅನ್ನಬಾರದು ಅಂತ ಎಷ್ಟು ಸಲ ಹೇಳ್ಲಿ?”

ಮಾನಸ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ತಾತ ಮಾಯಣ್ಣ ಟೀ ಲೋಟ ಹಿಡಿದು ಕಣ್ಣು ಪಿಳಿಪಿಳಿ ಬಿಟ್ಟರು.

“ಸೊರ್ ಅನ್ನದೆ ಬಿಸಿ ಟೀ ಹೆಂಗೆ ಕುಡಿಯಾದು ಮಗ? ನಾಲ್ಗೆ ಸುಟ್ಟೋಯ್ತದೆ!”

“ಆರಿಸ್ಕೊಂಡು ಕುಡಿ. ಊಟ ಆದ್ಮೇಲೆ ಢರ್ ಅಂತ ತೇಗಬಾರದು. ಬೆರಳು ನೆಕ್ಕಬಾರದು. ಇದೆಲ್ಲ ಟೇಬಲ್ ಮ್ಯಾನರ್ಸ್.”

“ನಮ್ಮನೇಲಿ ಟೇಬಲ್ಲೇ ಇಲ್ವಲ್ಲ ಕಣವ್ವ!”

ಒಳಗಿನಿಂದ ಅಮ್ಮ ರಾಧಾಮಣಿ ಕಿಸಕ್ಕನೆ ನಕ್ಕಳು. ಮಾನಸಳಿಗೆ ಮಾತ್ರ ನಗು ಬರಲಿಲ್ಲ. ಅವಳ ಇಂಗ್ಲಿಷ್ ಮಿಸ್ ಇವತ್ತು ಮನೆಗೆ ಬರುವವರಿದ್ದರು!

ಮಿಸ್ ಮಂಗಳೂರಿನವರು. ಈ ಜೂನ್‌ನಲ್ಲಿ ಚನ್ನಪಟ್ಟಣದ ಸ್ಕೂಲಿಗೆ ಸೇರಿದ್ದರು. ಪಾಠದ ಮಧ್ಯೆ, “ನಾನು ರೇಷ್ಮೆ ಹುಳ ನೋಡಿಯೇ ಇಲ್ಲ” ಅಂದದ್ದೇ ತಡ, ಮಾನಸ ಎದ್ದು ನಿಂತು, “ನಮ್ಮನೇಲಿ ಐತೆ ಮಿಸ್, ಸಂಡೇ ಬನ್ನಿ!” ಅಂದುಬಿಟ್ಟಿದ್ದಳು. ಅದೇ ಮಿಸ್ ಆಮೇಲೆ ಒಂದು ಪೀರಿಯಡ್ ಪೂರ್ತಿ ಟೇಬಲ್ ಮ್ಯಾನರ್ಸ್ ಹೇಳಿಕೊಟ್ಟರು. ತಾತ ಸೊರ್ ಅಂತ ಸಾರು ಹೀರುವ ಸದ್ದು ಪಕ್ಕದ ಬೀದಿಗೆ ಕೇಳುತ್ತದೆ. ಮಿಸ್ ಮುಂದೆ ಮಾನ ಹೋದರೆ ಸೋಮವಾರ ಕ್ಲಾಸಿನಲ್ಲಿ ಹೇಗೆ ಕೂರುವುದು? ಪಾಪ, ಹುಡುಗಿಗೆ ಬೆಳಗಿನಿಂದ ಇದೇ ಚಿಂತೆ.

ಹನ್ನೊಂದು ಗಂಟೆಯ ಬಸ್ಸಿಗೆ ಮಿಸ್ ಮಾನಸಳ ಊರು ಅಕ್ಕೂರಿಗೆ ಬಂದಿಳಿದರು. ಅಪ್ಪ ಬಿಡದಿಯ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗಿದ್ದ. ಹಾಗಾಗಿ ತಾತನೇ ಹುಳದ ಮನೆ ತೋರಿಸಿದರು. ಸಾವಿರಾರು ಹುಳ ಹಿಪ್ಪುನೇರಳೆ ಸೊಪ್ಪನ್ನು ಚರಚರ ಅಂತ ತಿನ್ನುತ್ತಿದ್ದವು.

“ಅಬ್ಬಾ, ಎಷ್ಟು ಸದ್ದು!” ಅಂದರು ಮಿಸ್.

“ಇವಕ್ಕೆ ನಮ್ಮ ಮಾನಸ ಇನ್ನೂ ಪಾಠ ಮಾಡಿಲ್ಲ ಮೇಡಂ” ಅಂದರು ತಾತ. ಮಾನಸಳ ಕಿವಿ ಕೆಂಪಗಾಯಿತು.

ಊಟಕ್ಕೆ ಸಾಲಾಗಿ ಚಾಪೆ ಹಾಸಿದರು. ಅಮ್ಮ ನಾಟಿ ಕೋಳಿ ಸಾರು ಮಾಡಿದ್ದಳು. ಮಿಸ್ಸಿಗೆಂದೇ ಅನ್ನ ಮಾಡಿ, ತಟ್ಟೆಯ ಪಕ್ಕ ಹೊಸ ಸ್ಪೂನ್ ಇಟ್ಟಿದ್ದಳು.

“ನನಗೂ ಮುದ್ದೆಯೇ ಹಾಕಿ” ಅಂದರು ಮಿಸ್. ಅಮ್ಮ ಹಿಗ್ಗಿ ಹೀರೇಕಾಯಿಯಾಗಿ ದೊಡ್ಡ ಮುದ್ದೆಯನ್ನೇ ಬಡಿಸಿದಳು.

ತಾತ ಒಂದು ಚೂರೂ ಸದ್ದು ಮಾಡದೆ ಉಂಡರು. ಆ ಕಷ್ಟಕ್ಕೆ ಹಣೆಯ ಮೇಲೆ ಬೆವರು ಬಂತು. ಮಾನಸಳಿಗೆ ಜೀವ ಬಂದಂತಾಯಿತು.

ಆದರೆ ಮಿಸ್ ಕತೆಯೇ ಬೇರೆ. ಅವರು ಮುದ್ದೆಯನ್ನು ಅಗಿಯತೊಡಗಿದರು! ಅಗಿದಷ್ಟೂ ಅದು ಹಲ್ಲಿಗೆ ಮೆತ್ತಿಕೊಂಡಿತು.

“ಅಗೀಬ್ಯಾಡಿ ಮೇಡಂ. ಸಾರಲ್ಲಿ ಅದ್ದಿ ನುಂಗ್ಬುಡಿ” ಅಂದರು ತಾತ, ಮೆಲ್ಲಗೆ.

ಮಿಸ್ ನುಂಗಲು ನೋಡಿದರು. ಗಂಟಲಿಗೆ ಸಿಕ್ಕೀತೆಂಬ ಭಯಕ್ಕೆ ಮತ್ತೆ ಅಗಿದರು. ಊಟ ಕುಂಟುತ್ತಾ ಸಾಗಿತು.

ತಾತನ ತಟ್ಟೆ ಖಾಲಿಯಾಯಿತು. “ಇನ್ನರ್ಧ ಹಾಕ್ಲಾ ಮಾವ?” ಅಂತ ಅಮ್ಮ ಕೇಳಿದರೆ, “ಬ್ಯಾಡ ಕಣವ್ವ, ಹೊಟ್ಟೆ ಬಿರೀತೈತೆ” ಅಂದರು.

ಮಾನಸಳದೂ ಮುಗಿಯಿತು. ಕ್ಲಾಸಿನಲ್ಲಿ ಕಲಿತಂತೆ, “ಎಕ್ಸ್‌ಕ್ಯೂಸ್ ಮಿ ಮಿಸ್” ಅಂದು ಠೀವಿಯಿಂದ ಎದ್ದು, ಕೈ ತೊಳೆಯಲು ಹಿತ್ತಿಲ ಬಾಗಿಲಿಗೆ ಹೋದಳು.

ಚೊಂಬು ಹಿಡಿದು ಹಿಂದಿರುಗಿ ನೋಡಿದಳು. ಮಿಸ್ ಎರಡು ಖಾಲಿ ತಟ್ಟೆಗಳನ್ನೂ ನೋಡಿ, ಗಬಗಬ ತಿನ್ನಲು ಹೋಗಿ ಕೆಮ್ಮುತ್ತಿದ್ದರು. ಅವರ ತಟ್ಟೆಯಲ್ಲಿ ಇನ್ನೂ ಅರ್ಧ ಮುದ್ದೆ ಇತ್ತು. ಕಣ್ಣಲ್ಲಿ ನೀರು.

“ರಾಧಾಮಣಿ, ನಂಗಿನ್ನೊಂದು ಅರ್ಧ ಮುದ್ದೆ ಹಾಕವ್ವ” ಅಂದರು ತಾತ.

“ಈಗ್ಲೇ ಬ್ಯಾಡ ಅಂದ್ರಲ್ಲ ಮಾವ?”

“ಸಾರು ಚೆಂದಾಗೈತೆ, ಹಾಕು.”

ಮಿಸ್ ನೀರು ಕುಡಿದು ಸುಧಾರಿಸಿಕೊಂಡರು. “ಓ, ನಿಮ್ಮದೂ ಆಗಿಲ್ಲವಾ? ನನ್ನಿಂದ ಲೇಟ್ ಆಯಿತು ಅಂದುಕೊಂಡೆ.”

“ಏನ್ ಲೇಟು ಮೇಡಂ! ನಿಧಾನಕ್ಕೆ ಉಣ್ಣಿ. ನಂದಿನ್ನೂ ಬೇಜಾನ್ ಐತೆ.”

ಮಾನಸ ನಿಂತಲ್ಲೇ ನೋಡಿದಳು. ತಾತ ಕಡಲೆಕಾಳಿನಷ್ಟು ಮುದ್ದೆ ಮುರಿದು, ಉರುಳಿಸಿ ಉರುಳಿಸಿ, ಸಾರಿನಲ್ಲಿ ಆಡಿಸುತ್ತಿದ್ದರು. ಮಿಸ್ ಒಂದು ತುತ್ತು ನುಂಗುವವರೆಗೂ ಅದು ಬಾಯಿಗೆ ಹೋಗುತ್ತಿರಲಿಲ್ಲ. ಇನ್ನೊಂದು ಕೈ ಸುಮ್ಮನೆ ಹೊಟ್ಟೆ ಸವರುತ್ತಿತ್ತು. ಆದರೂ ಎಷ್ಟೋ ದಿನದಿಂದ ಹಸಿದವರ ಹಾಗೆ, “ಆಹಾ, ಏನ್ ರುಚಿ” ಅನ್ನುತ್ತಿದ್ದರು. ಮಿಸ್ ಮುಖದಲ್ಲಿ ಈಗ ಗಾಬರಿ ಇರಲಿಲ್ಲ. ಊರಿನಲ್ಲಿ ತಮ್ಮ ಅಜ್ಜಿ ಮಾಡುತ್ತಿದ್ದ ಮೀನಿನ ಸಾರಿನ ಬಗ್ಗೆ ನಗುತ್ತಾ ಹೇಳುತ್ತಿದ್ದರು.

ಮಾನಸಳಿಗೆ ತಾನು ಎದ್ದು ಬಂದದ್ದು ನೆನೆದು ನಾಚಿಕೆಯಾಯಿತು. ತಾತನ ಮೇಲೆ ಎಲ್ಲಿಲ್ಲದ ಪ್ರೀತಿಯೂ ಉಕ್ಕಿತು. ಕೈ ಇನ್ನೂ ತೊಳೆದಿರಲಿಲ್ಲ. ಚೊಂಬನ್ನು ಕೆಳಗಿಟ್ಟು ಬಂದು ತಾತನ ಪಕ್ಕ ಕೂತು, ತನ್ನ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

“ಅಮ್ಮಾ, ನಂಗೂ ಒಸಿ ಮುದ್ದೆ.”

ತಾತ ಮೊಣಕಾಲು ಮಡಿಸಿ ಅವಳಿಗೆ ಜಾಗ ಬಿಟ್ಟರು.