ಅಳಿಸಲೇಬೇಕಾದ ಹೆಸರು

"ರೇಷ್ಮೆ ಹುಳು ಹಣ್ಣಾಗವೆ. ಈಗ ಆರಿಸಿ ಗೂಡು ಕಟ್ಟಕ್ಕೆ ಚಂದ್ರಿಕೆಗೆ ಬಿಡ್ದಿದ್ರೆ ಎಲ್ಲ ಹಾಳು! ಇಂಥಾ ದಿನ ತಾಯಿ ಮಗಳಿಗೆ ಆಟ ಬೇಕಾ?" ಗಂಗುಲಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಸಂಜೆಯೊಳಗೆ ಬಂದು ನಾನೇ ಬಿಡ್ತೀನಿ ಅತ್ತಮ್ಮ," ಎಂದಳು ರಾಮಲಕ್ಷ್ಮಮ್ಮ. ಅತ್ತೆಗೆ ಅವಳು ಎದುರಾಡಿದ್ದು ಅದೇ ಮೊದಲು.

"ಹೋಗು! ಸ್ಕೂಲ್ ಗೋಡೆ ಮೇಲೆ ನಿನ್ನ ಹೆಸರೊಂದು ಉಳ್ದೈತಲ್ಲ, ನಿನ್ನ ಮಗಳೇ ಅದಕ್ಕೆ ಸುಣ್ಣ ಬಳೀಲಿ. ಆಮೇಲೆ ನಿನಗೇನೈತೆ?"

ಮಗಳು ಮುನಿರತ್ನ ತಲೆ ತಗ್ಗಿಸಿದಳು. ಕೊನೆಗೆ ರಾಮಲಕ್ಷ್ಮಮ್ಮನ ಗಂಡ ಕೋನಪ್ಪನೇ ತಾಯಿಯನ್ನು ಪಕ್ಕಕ್ಕೆ ಕರೆದು, "ಹುಳ ನಾನು ನೋಡ್ಕೊತೀನಿ, ಬಿಡಮ್ಮ," ಎಂದ.

ಎಪ್ಪತ್ತಾರನೇ ಇಸವಿಯಲ್ಲಿ ಮೇಲೂರಿನ ಹೈಸ್ಕೂಲಿನಲ್ಲಿ ಉದ್ದ ಜಿಗಿತದ ತಾಲ್ಲೂಕು ದಾಖಲೆ ಮಾಡಿದವಳು ಈ ರಾಮಲಕ್ಷ್ಮಿಯೇ. ಮರುವರ್ಷವೇ ಮದುವೆ. ಆಮೇಲೆ ಅವಳು ದಾಟಿದ್ದು ಹಿಪ್ಪುನೇರಳೆ ತೋಟದ ಕಾಲುವೆಗಳನ್ನು ಮಾತ್ರ! ಹದಿನೆಂಟು ವರ್ಷವಾದರೂ ಆ ದಾಖಲೆಯನ್ನು ಯಾರೂ ಮುರಿದಿರಲಿಲ್ಲ. ಮುರಿದರೆ ಹಳೆಯ ಹೆಸರಿಗೆ ಸುಣ್ಣ ಬಳಿದು ಅದೇ ಜಾಗದಲ್ಲಿ ಹೊಸದನ್ನು ಬರೆಯುವುದು ಶಾಲೆಯ ಪದ್ಧತಿ.

ಅದೇ ಶಾಲೆಯ ಮೈದಾನದಲ್ಲಿ ನಡೆದ ತಾಲ್ಲೂಕು ಪಂದ್ಯದಲ್ಲಿ ಮುನಿರತ್ನಳ ಮೂರು ಜಿಗಿತಗಳಲ್ಲಿ ಮೊದಲೆರಡೂ ಗಿಡ್ಡವಾದವು. ಜನ ಅಯ್ಯೋ ಅಂದರು. ರಾಮಲಕ್ಷ್ಮಮ್ಮನ ಕಣ್ಣಿಗೆ ಮಾತ್ರ ಗುಟ್ಟು ತಿಳಿದುಹೋಯಿತು. ಹುಡುಗಿ ಜಿಗಿಯುವ ಹಲಗೆ ಮುಟ್ಟುವ ಮೊದಲೇ ಬೇಕೆಂದು ಕಾಲೆತ್ತುತ್ತಿದ್ದಳು! ತಾಯಿ ಹಗ್ಗ ದಾಟಿ ಮಗಳ ಬಳಿಗೆ ಓಡಿದಳು.

"ಯಾಕೇ ಹಿಂಗೆ ಮಾಡ್ದೆ?"

"ಆ ಹೆಸರು ಬಿಟ್ರೆ ನಿನಗೇನೈತಮ್ಮ...? ನನ್ನ ಕೈಯಾರೆ ಹೆಂಗೆ ಅಳಿಸ್ಲಿ...!" ಹುಡುಗಿ ಬಿಕ್ಕಿದಳು.

ರಾಮಲಕ್ಷ್ಮಮ್ಮ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ಹುಚ್ಚು ಮುಂಡೇದೇ! ಮೊದಮೊದಲು ಆ ಗೋಡೆ ನೋಡಿದ್ರೆ ಹೆಮ್ಮೆ ಆಗ್ತಿತ್ತು ಕಣೇ. ಆಮೇಲೆ ಸಂಕಟ ಆಗಕ್ಕೆ ಶುರುವಾಯ್ತು... ಇಷ್ಟು ವರ್ಷದಲ್ಲಿ ಇನ್ನೊಬ್ಬ ಹುಡುಗೀನ ಯಾರೂ ನೆಗೆಯಕ್ಕೇ ಬಿಡ್ಲಿಲ್ವಾ ಅಂತ. ಬೇಕಂತ ಸೋತು ನನಗೆ ಭಿಕ್ಷೆ ಹಾಕ್ತೀಯಾ? ಅಳಿಸು ಕಣಮ್ಮ... ಅಳಿಸು!"

ಮುನಿರತ್ನ ಕಣ್ಣೊರೆಸಿಕೊಂಡು ಓಡಿದಳು. ಈ ಸಲ ಕಾಲು ಹಲಗೆಯ ಮೇಲೇ ಬಿತ್ತು. ಅವಳು ಮರಳಿಗೆ ಇಳಿದ ಜಾಗ ನೋಡಿ ಡ್ರಿಲ್ ಮೇಷ್ಟ್ರು ಟೇಪನ್ನು ಮತ್ತೊಮ್ಮೆ ಎಳೆದು ಅಳೆದರು. ಮೈಕಿನಲ್ಲಿ ಹಳೆಯ ದಾಖಲೆ ಮುರಿಯಿತೆಂದು ಕೂಗಿದಾಗ ರಾಮಲಕ್ಷ್ಮಮ್ಮ ಸೆರಗು ಬಾಯಿಗೊತ್ತಿಕೊಂಡು ಗಳಗಳ ಅತ್ತಳು. ತಾನು ಗೆದ್ದ ದಿನವೂ ಅವಳಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ!

ಅವರಿಬ್ಬರನ್ನು ಎಳೆದೊಯ್ಯಲೆಂದು ಬಂದಿದ್ದ ಗಂಗುಲಮ್ಮ ಬೇಲಿಯ ಬಳಿ ನಿಂತು ಎಲ್ಲ ನೋಡಿದ್ದಳು. ಪಕ್ಕದ ಮನೆಯ ಕೊಂಡಮ್ಮ, "ಸೊಸೆ ಹೆಸರು ಹೋಯ್ತಲ್ಲಕ್ಕಾ," ಅಂದಾಗ ಅವಳಿಗೆ ರೇಗಿತು.

"ಎಲ್ಲಿಗೆ ಹೋಯ್ತೇ? ಸೊಸೆ ಕೈಯಿಂದ ಮೊಮ್ಮಗಳ ಕೈಗೆ ಬಂತು. ನಮ್ಮನೇಲೇ ಐತೆ!"

ಆಮೇಲೆ ಸೊಸೆಯ ಹತ್ತಿರ ಬಂದು ಅವಳ ಕೈ ಹಿಡಿದಳು. "ಮದುವೆ ಆದ್ಮೇಲೆ ನಾನು ನಿನ್ನೂ ನೆಗೆಯಕ್ಕೆ ಬಿಟ್ಟಿದ್ರೆ..."

"ನನ್ನದು ಬಿಡಿ ಅತ್ತಮ್ಮ. ಇವಳನ್ನ ತಡೀಬೇಡಿ, ಅಷ್ಟು ಸಾಕು."

"ತಡೆಯೋದಾ? ಕೋಲಾರದಲ್ಲಿ ಜಿಲ್ಲೆ ಪಂದ್ಯ ಐತಂತಲ್ಲ," ಗಂಗುಲಮ್ಮ ಮೂಗೊರೆಸಿಕೊಂಡಳು, "ನಾನೇ ಕರ್ಕೊಂಡು ಹೋಗ್ತೀನಿ."