ಕಂಪ್ಯೂಟರ್ ಆದ ತಾತ

“ಮತ್ತೆ ‘ಆಂ?’ ಅಂತಾನೇ ಬರೆದಿದ್ದೀಯಲ್ಲ ತಾತ! ಎಷ್ಟನೇ ಸಲ ಇದು?”

ಚಟಪಟಿ ಚೀಟಿಯನ್ನು ಉಂಡೆ ಮಾಡಿ ಎಸೆದಳು. ಹೊಸ ಫ್ರಿಜ್ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆಯೊಳಗಿಂದ ತಾತ ಕೆಮ್ಮಿದರು.

“ಅರ್ಥ ಆಗದಿದ್ರೆ ‘ಆಂ?’ ಅನ್ನಬೇಕು ಅಂತ ನೀನೇ ಹೇಳಿದ್ದೆ ತಾನೆ?”

“ಒಂದೆರಡು ಸಲ ಅನ್ನು ಅಂದೆ. ಎಲ್ಲದಕ್ಕೂ ಅಲ್ಲ!”

ನಾಳೆ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಪೆಟ್ಟಿಗೆಯೊಳಗೆ ಕೂತು ಕಂಪ್ಯೂಟರಿನಂತೆ ಉತ್ತರ ಬರೆಯಬೇಕಿದ್ದ ಗೆಳತಿಗೆ ಜ್ವರ. “ನಾನಿದ್ದೀನಲ್ಲ” ಎಂದು ತಾತ ಎದೆ ತಟ್ಟಿಕೊಂಡು ಬಂದಿದ್ದರು.

ಚಟಪಟಿಯ ವಿಷಯ ಜಾಸ್ ಎಂಬ ಹಳೆಯ ಕಂಪ್ಯೂಟರ್ ವ್ಯವಸ್ಥೆ. ಸುಮಾರು ಅರವತ್ತು ವರ್ಷಗಳ ಹಿಂದಿನ ಮಾತು. ಅದಕ್ಕೂ ಮುಂಚೆ ಲೆಕ್ಕಗಳನ್ನು ತೂತು ಹೊಡೆದ ಕಾರ್ಡುಗಳಲ್ಲಿ ಕಂಪ್ಯೂಟರಿಗೆ ಕೊಟ್ಟು ಜನ ಗಂಟೆಗಟ್ಟಲೆ ಕಾಯುತ್ತಿದ್ದರು. ಒಂದು ಚುಕ್ಕೆ ತಪ್ಪಿದರೂ ಮತ್ತೆ ಮೊದಲಿನಿಂದ! ಜಾಸ್ ಬಂದ ಮೇಲೆ ಟೈಪ್‌ರೈಟರಿನಲ್ಲಿ ಒಂದು ಸಾಲು ಬರೆದರೆ ಸಾಕು, ಕಂಪ್ಯೂಟರ್ ತಕ್ಷಣವೇ ಉತ್ತರಿಸುತ್ತಿತ್ತು. ಮನುಷ್ಯರು ಬರೆದದ್ದು ಹಸಿರು ಬಣ್ಣದಲ್ಲಿ, ಯಂತ್ರ ಬರೆದದ್ದು ಕಪ್ಪು ಬಣ್ಣದಲ್ಲಿ. ಅರ್ಥವಾಗದಿದ್ದರೆ ಅದು ‘ಆಂ?’ ಎಂದು ಕೇಳುತ್ತಿತ್ತು, ಅಷ್ಟೆ.

ಚಟಪಟಿ ಹಸಿರು ಪೆನ್ನು ಹಿಡಿದು ಬರೆದಳು: ‘ಹನ್ನೆರಡನ್ನು ಏಳರಿಂದ ಗುಣಿಸು.’ ಚೀಟಿಯನ್ನು ಪೆಟ್ಟಿಗೆಯ ಮುಂಭಾಗದಲ್ಲಿ ಕೊರೆದಿದ್ದ ಸೀಳಿನೊಳಗೆ ತೂರಿಸಿದಳು.

ಒಳಗೆ ಸರಪರ ಸದ್ದು. ಪೆಟ್ಟಿಗೆ ಒಮ್ಮೆ ಅಲುಗಾಡಿತು. ಬಹಳ ಹೊತ್ತಿನ ಮೇಲೆ ಚೀಟಿ ಹೊರಬಂತು. ಕಪ್ಪು ಅಕ್ಷರದಲ್ಲಿ, ‘ಆಂ?’

“ಅಯ್ಯೋ! ಹನ್ನೆರಡೇಳಲೆ ಎಂಬತ್ನಾಲ್ಕು! ಇಷ್ಟೂ ಗೊತ್ತಾಗಲ್ವಾ? ನನ್ನ ಪ್ರಾಜೆಕ್ಟ್ ಹಾಳು ಮಾಡೋಕೇ ಬಂದಿದ್ದೀಯಾ? ನೀನು ಬೇಡವೇ ಬೇಡ, ಹೋಗು!”

ಪೆಟ್ಟಿಗೆ ಮತ್ತೊಮ್ಮೆ ಅಲುಗಾಡಿತು. ಆಮೇಲೆ ತಾತ ಮೊಣಕಾಲು ಹಿಡಿದುಕೊಂಡು ಹಿಂದಿನಿಂದ ಮೆಲ್ಲಗೆ ಹೊರಬಂದರು. ಜಗಲಿಗೆ ಹೋಗಿ ಕುಳಿತರು.

ಅಡುಗೆಮನೆಯಿಂದ ಅಮ್ಮ ಇಣುಕಿದಳು. “ಏನೇ ಅದು ಕಿರುಚಾಟ?”

“ತಾತ ಬೇಕೂ ಅಂತ ಸತಾಯಿಸ್ತಿದ್ದಾರೆ!”

ಈಗ ಬರೆಯುವವಳೂ ತಾನೇ, ಉತ್ತರಿಸುವ ಕಂಪ್ಯೂಟರೂ ತಾನೇ. ಚಟಪಟಿ ಇನ್ನೊಂದು ಚೀಟಿ ಬರೆದು ಸೀಳಿನಲ್ಲಿ ಹಾಕಿದಳು. ಸುತ್ತಿ ಬಂದು, ತಲೆ ಬಗ್ಗಿಸಿ ಪೆಟ್ಟಿಗೆಯೊಳಗೆ ನುಸುಳಿದಳು.

ಒಳಗೆ ಗವ್ವೆನ್ನುವ ಕತ್ತಲು. ಸೀಳಿನಿಂದ ದಾರದಷ್ಟು ಬೆಳಕು ಬರುತ್ತಿತ್ತು. ಚೀಟಿಯನ್ನು ಅದಕ್ಕೆ ಹಿಡಿದಳು. ಹತ್ತಿರ ತಂದಳು, ದೂರ ಹಿಡಿದಳು. ತೆಳುವಾದ ಹಸಿರು ಗೆರೆಗಳು ಕಾಗದದಲ್ಲೇ ಕರಗಿಹೋದಂತಿದ್ದವು. ಬರೆದವಳು ತಾನೇ ಆದರೂ ಓದಲಾಗಲಿಲ್ಲ.

ತಾತ ಹೋದ ವರ್ಷದವರೆಗೆ ಬಸ್ ಓಡಿಸುತ್ತಿದ್ದವರು. ಈಚೆಗೆ ಮನೆಯಲ್ಲಿ ಯಾರಾದರೂ ಕಣ್ಣಿನ ಡಾಕ್ಟರ ಮಾತೆತ್ತಿದರೆ ಸಾಕು, “ನನ್ನ ಕಣ್ಣಿಗೇನಾಗಿದೆ? ಈ ಕನ್ನಡಕವೇ ಸಾಕು” ಎಂದು ರೇಗುತ್ತಿದ್ದರು. ಅದಕ್ಕೇ ಎಲ್ಲ ಚೀಟಿಗೂ ‘ಆಂ?’ ಎಂದು ಚಟಪಟಿಗೆ ಈಗ ಹೊಳೆಯಿತು. ಅವಳ ಕಿವಿ ಬಿಸಿಯಾಯಿತು.

ಹೊರಬಂದವಳೇ ಕತ್ತರಿ ತಂದು ಪೆಟ್ಟಿಗೆಯ ನೆತ್ತಿಯಲ್ಲಿ ದೊಡ್ಡ ಚೌಕ ಕತ್ತರಿಸಿದಳು. ಡ್ರಾಯರಿನಿಂದ ದಪ್ಪನೆಯ ಹಸಿರು ಮಾರ್ಕರ್ ಹುಡುಕಿ ತೆಗೆದಳು. ಜಗಲಿಗೆ ಹೋಗಿ ತಾತನ ಪಕ್ಕ ಕುಳಿತಳು.

ತಾತ ಬೀದಿಯನ್ನೇ ನೋಡುತ್ತಿದ್ದರು.

“ತಾತ, ಕಂಪ್ಯೂಟರಿಗೆ ಗಾಳಿ ಬೇಕಂತೆ. ಇಲ್ಲದಿದ್ರೆ ಬಿಸಿಯಾಗುತ್ತಂತೆ. ಅದಕ್ಕೇ ಮೇಲೆ ಕಿಟಕಿ ಕೊರೆದೆ.”

“ಹೌದಾ?”

“ಹೂಂ. ಪೆನ್ನೂ ಸರಿಯಿಲ್ಲ, ಮಾರ್ಕರಲ್ಲಿ ಬರೀತೀನಿ. ನಾನಾಗ ಹಾಗೆ ಕಿರುಚಬಾರದಿತ್ತು... ಬರ್ತೀಯಾ?”

ತಾತ ಅವಳ ಮುಖ ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

“ಗಾಳಿಗೆ ಕಿಟಕಿ,” ಎಂದರು ನಿಧಾನವಾಗಿ. “ಒಳ್ಳೇದು ಬಿಡು.”

ಅವರು ಏಳಲು ಕೈ ಚಾಚಿದರು. ಚಟಪಟಿ ಗಟ್ಟಿಯಾಗಿ ಹಿಡಿದುಕೊಂಡಳು.