ತೋಡುವ ಮೊದಲು

ಮೈದಾನದ ಹುಲ್ಲಿನ ಮೇಲೆ ಮಂಜು ಬೆಳ್ಳಗೆ ಹೆಪ್ಪುಗಟ್ಟಿತ್ತು. ಮಾತು ಬಿಟ್ಟ ನಾಲ್ಕನೇ ದಿನ ಇಬ್ಬರೂ ಅಲ್ಲಿ ಎದುರಾಗಿದ್ದರು. ಅವನ ಕೈಯಲ್ಲಿ ಮೆಟಲ್ ಡಿಟೆಕ್ಟರ್, ಅವಳ ಬೆರಳು ಬೋಳು.

ಅವನು ನೀರಿನ ಪೈಪಿನ ಕೆಲಸದವನು. ಮಣ್ಣಿನಡಿ ಹೂತುಹೋದ ವಾಲ್ವ್ ಮುಚ್ಚಳಗಳನ್ನು ಆ ಮೆಷೀನಿನಿಂದ ಹುಡುಕುತ್ತಿದ್ದ. ಯಾರು ಎಷ್ಟೇ ಆಣೆ ಮಾಡಿ ‘ಇಲ್ಲೇ ಇದೆ’ ಅಂದರೂ, ತೋಡಿ ಕಣ್ಣಾರೆ ನೋಡದೆ ನಂಬುವ ಆಸಾಮಿಯಲ್ಲ. ಆ ಹಾಳು ಅಭ್ಯಾಸವನ್ನು ಪ್ರೀತಿಗೂ ಹೊತ್ತು ತಂದಿದ್ದ.

ಅವಳು ಪಕ್ಕದ ಬಸ್ ಡಿಪೋದ ಮೆಕ್ಯಾನಿಕ್. ಅಪ್ಪನ ಆಪರೇಷನ್ ಮುಗಿಯಲಿ, ಮದುವೆ ಎರಡು ತಿಂಗಳು ಮುಂದಕ್ಕೆ ಹಾಕೋಣ ಎಂದಿದ್ದಳು. ಮರುದಿನವೇ, ನಿಶ್ಚಿತಾರ್ಥದಲ್ಲಿ ಅವನು ತೊಡಿಸಿದ್ದ ಉಂಗುರ ಕಾಣೆ! ಚಳಿಗೆ ಬೆರಳು ಸೊರಗಿ, ಗ್ಲೌಸ್ ಕಳಚುವಾಗ ಇಲ್ಲಿ ಜಾರಿಬಿತ್ತು ಎಂದಳು. ‘ತೆಗೆದು ಎಲ್ಲೋ ಇಟ್ಟು ಕಥೆ ಕಟ್ತಿದ್ದೀಯ’ ಎಂದುಬಿಟ್ಟಿದ್ದ.

ಮೆಷೀನ್ ಕೀಂಯ್ ಎಂದಿತು.

“ಸ್ವಲ್ಪ ದೂರ ನಿಲ್ಲು.”

“ಯಾಕೆ, ನನ್ನ ಮುಖ ನೋಡಿದ್ರೂ ಆಗಲ್ವಾ?”

“ಮುಖ ಅಲ್ಲ, ಬೂಟು. ತುದೀಲಿ ಕಬ್ಬಿಣ ಇದೆ. ನೀನು ಹತ್ತಿರ ಬಂದ್ರೆ ಸಾಕು, ಇದು ಬಡ್ಕೊಳ್ಳುತ್ತೆ.”

“ಸದ್ಯ, ಮೆಷೀನಿಗಾದ್ರೂ ನಾನು ಬಂದಿದ್ದು ಗೊತ್ತಾಗುತ್ತಲ್ಲ!”

ತುಟಿಯಂಚಿಗೆ ಬಂದ ನಗುವನ್ನು ಅವನು ನುಂಗಿಕೊಂಡ. ಅವಳು ಓರೆಗಣ್ಣಲ್ಲಿ ಅದನ್ನು ನೋಡಿದಳು, ನೋಡಿಲ್ಲವೆಂಬಂತೆ ಅತ್ತ ತಿರುಗಿದಳು.

ಚಳಿಗೆ ಬ್ಯಾಟರಿ ಬೇಗ ಸತ್ತಿತು. ಇನ್ನೊಂದನ್ನು ಕಂಕುಳಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದ. ಮರಗಟ್ಟಿದ ಬೆರಳಲ್ಲಿ ಒದ್ದಾಡುವಾಗ ಅವಳೇ ಕಿತ್ತುಕೊಂಡು ಹಾಕಿಕೊಟ್ಟಳು. ಅವಳ ಬೆರಳು ತಾಗಿದ್ದೇ ತಡ, ಅವನಿಗೆ ಹಿಡಿದುಕೊಳ್ಳಬೇಕೆನಿಸಿತು. ಬಿಗುಮಾನ ಬಿಡಲಿಲ್ಲ.

ಮೈದಾನದ ಗೇಟಿನ ಹತ್ತಿರ, ಜನ ತುಳಿದು ಕಲೆಸಿದ ಕೆಸರು ಗಟ್ಟಿಯಾದಲ್ಲಿ, ಈ ಸಲ ಸದ್ದು ತೆಳ್ಳಗೆ, ಸ್ಪಷ್ಟವಾಗಿ ಬಂತು. ಅವಳು ಹತ್ತು ಹೆಜ್ಜೆ ದೂರವಿದ್ದಳು. ಅವನು ಮಂಡಿಯೂರಿ ಕೈಗುದ್ದಲಿ ಎತ್ತಿದ.

“ತೋಡಬೇಡ!” ಅವಳು ಓಡಿ ಬಂದಳು. “ಮೊದಲು ಹೇಳು, ನನ್ನನ್ನ ನಂಬ್ತೀಯೋ ಇಲ್ವೋ? ಉಂಗುರ ಸಿಕ್ಕಿದ್ಮೇಲೆ ದಾರೀಲಿ ಹೋಗೋರೂ ನಂಬ್ತಾರೆ. ಅಂಥೋನನ್ನ ನಾನು ಮದುವೆ ಆಗಲ್ಲ.”

ನಾಲ್ಕು ದಿನ ನಿದ್ದೆಗೆಡಿಸಿದ ಪ್ರಶ್ನೆಗೆ ಉತ್ತರ ನಾಲ್ಕು ಬೆರಳು ಕೆಳಗಿತ್ತು. ಎರಡೇ ಏಟು ಸಾಕಿತ್ತು. ಅವನು ಅವಳ ಕೆಂಪಾದ ಕಣ್ಣು ನೋಡಿದ, ಗುದ್ದಲಿ ಕೆಳಗಿಟ್ಟ.

“ನಂಬ್ತೀನಿ ಕಣೇ. ತಪ್ಪಾಯ್ತು. ಬಿಟ್ಟು ಹೋಗ್ತೀಯೇನೋ ಅಂತ ಹೆದರಿದ್ದೆ, ಬಾಯಿಗೆ ಬಂದಿದ್ದು ಅಂದುಬಿಟ್ಟೆ.”

ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, “ಈಗ ತೋಡು” ಎಂದಳು.

ಗಟ್ಟಿ ಹೆಂಟೆ ಒಡೆಯಿತು. ಒಳಗಿದ್ದದ್ದು ಸೋಡಾ ಬಾಟಲಿಯ ಮುಚ್ಚಳ.

ಅವಳ ಮುಖ ಸಪ್ಪಗಾಯಿತು. ತಲೆ ಎತ್ತದೆಯೇ ಕೇಳಿದಳು, “ಈಗ?”

ಅವನು ಮುಚ್ಚಳವನ್ನು ಅತ್ತ ಎಸೆದು, ಅವಳ ಎರಡೂ ಕೈಗಳನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡ.

“ಈಗಲೂ” ಎಂದ.